ಡ್ರಮ್ ‘ಬಿಕೋ’ ಅನ್ನಬಹುದಾ?

ಗೆಳೆಯರೇ,

ಮೊನ್ನೆ ರಾತ್ರಿ ಇಂಗ್ಲೆಂಡಿನ ಜಾಯ್ ಡಿವಿಷನ್ ಅನ್ನೋ ರಾಕ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಮನ್ನು ಮೊದಲ ಸಲ ಪೂರ್ತಿ ಕೇಳಿದೆ. 1979ರದ್ದು. ಎದೆ ಮೇಲೆ ಬಿಳಿ ಗೆರೆಗಳ ಗುಡ್ಡಸಾಲು ಇರುವ ಕಪ್ಪು ಟೀ ಶರ್ಟ್ ನೋಡಿರುತ್ತೀರಿ, ಅದು ಇದೇ ಆಲ್ಬಮಿನ ಮುಖಪುಟ. ಗುಡ್ಡ ಅಲ್ಲ, ಪಲ್ಸಾರ್ ನಕ್ಷತ್ರವೊಂದರ ರೇಡಿಯೋ ಮಿಡಿತ. ಟೀ ಶರ್ಟ್ ನನ್ನ ಹತ್ತಿರ ಮೂರು ವರ್ಷದಿಂದ ಇತ್ತು, ಹಾಡು ಕೇಳಿರಲಿಲ್ಲ, ಇರಲಿ.

ಕೇಳಿದ್ದನ್ನು ತಮ್ಮನಿಗೆ ವಾಟ್ಸಾಪಿನಲ್ಲಿ ಬರೆಯಲು ಹೋಗಿ ಒಂದು ಪದಕ್ಕೆ ಸಿಕ್ಕಿಬಿದ್ದೆ. ಡ್ರಮ್ ಸದ್ದು. ಏಟು ಬೀಳುತ್ತದೆ, ಆದರೆ ಸಾಮಾನೆಲ್ಲ ಸಾಗಿಸಿದ ಮೇಲೆ ಖಾಲಿ ಮನೆಯಲ್ಲಿ ಯಾರೋ ಬಾಗಿಲು ಬಡಿದ ಹಾಗೆ. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಡ್ರಮ್ಮುಗಳ ಸದ್ದನ್ನು ಬಿಡಿಬಿಡಿಯಾಗಿ ಹಿಡಿದು, ಸದ್ದನ್ನು ತುಸು ತಡಮಾಡಿ ಬಿಡುವ ಡಿಜಿಟಲ್ ಡಿಲೇ ಯಂತ್ರಕ್ಕೆ ಹಾಯಿಸಿ, ನಡುವೆ ಧಾರಾಳ ಜಾಗ ಬಿಟ್ಟ. ‘ಇನ್‌ಸೈಟ್’ ಹಾಡು ಶುರುವಾಗುವುದೇ ಅಲ್ಲಿನ ಲಿಫ್ಟಿನ ಸದ್ದಿನಿಂದ. ತಂಡದ ಪೀಟರ್ ಹುಕ್, ಬರ್ನಾರ್ಡ್ ಸಮ್ನರ್ ಇಬ್ಬರಿಗೂ ಆಗ ಇದು ಹಿಡಿಸಿರಲಿಲ್ಲ, ವೇದಿಕೆ ಮೇಲಿನ ನಮ್ಮ ಅಬ್ಬರ ಎಲ್ಲಿ ಹೋಯಿತು ಅಂತ.

ಮೊದಲು ‘ಪ್ರತಿಧ್ವನಿ’ ಬರೆದೆ, ಅಳಿಸಿದೆ. ಪ್ರತಿಧ್ವನಿ, ಮಾರ್ದನಿ ಎರಡೂ ಕೂಗಿದ್ದು ತಿರುಗಿ ಬಂದರೆ ಸರಿ. ಮಾರ್ದನಿಯ ‘ಮಾರ್’ ಮಾರ್ನುಡಿಯ ‘ಮಾರ್’ ತಾನೇ, ಅಂದರೆ ಅಲ್ಲಿ ಬೆಟ್ಟ ನಮಗೆ ಉತ್ತರ ಕೊಡುತ್ತಿರುತ್ತದೆ. ಇಲ್ಲಿ ಆ ಥರದ್ದೇನೂ ಇಲ್ಲ. ‘ಅನುರಣನ’ ಸ್ವಲ್ಪ ಹತ್ತಿರ, ಆದರೆ ಕಾವ್ಯಮೀಮಾಂಸೆ ಓದಿದವರಿಗೆ ಅದು ಗಂಟೆ ಬಾರಿಸಿದ ಮೇಲೆ ಉಳಿಯುವ ನಾದ. ಈ ಡ್ರಮ್ಮಿಗೆ ಅಷ್ಟು ಇಂಪು ಎಲ್ಲಿಂದ ಬರಬೇಕು!

ಕೊನೆಗೆ “ಡ್ರಮ್ ಬಿಕೋ ಅನ್ನುತ್ತೆ ಕಣೋ” ಅಂತ ಕಳಿಸಿದೆ. “ಬಿಕೋ ಅನ್ನೋದು ಮನೆ, ಬೀದಿ, ಸಂತೆ ಮುಗಿದ ಮೈದಾನ. ಬಡಿಯೋ ವಾದ್ಯ ಹೇಗೆ ಬಿಕೋ ಅನ್ನುತ್ತೆ ಅಕ್ಕಾ?” ಅಂದ. ಅವನ ಮಾತೂ ಸರಿಯೇ. ಆದರೆ ಬಿಕೋ, ಭಣಭಣ ಎರಡೂ ನಡೆಯುವುದು ಗುಡುಗುಡು, ಪಟಪಟದ ಹಾಗೇ, ‘ಅನ್ನು’ ಜೊತೆಗೆ. ಯಾರೂ ಇಲ್ಲದ ಜಾಗ ಏನೋ ಅನ್ನುತ್ತಿದೆ ಅಂತ ಕನ್ನಡದವರ ಕಿವಿಗೆ ಕೇಳಿಸಿದೆ. ಹ್ಯಾನೆಟ್ ರೆಕಾರ್ಡ್ ಮಾಡಿದ್ದೂ ಅದನ್ನೇ ಅಲ್ವಾ?

ನಿಮ್ಮ ಕಡೆ ಬಿಕೋವನ್ನು ದನಿಗೆ, ಹಾಡಿಗೆ ಹೇಳುವುದುಂಟಾ? ಭಣಭಣಕ್ಕೂ ಇದಕ್ಕೂ ಏನು ವ್ಯತ್ಯಾಸ? ನನಗೆ ಭಣಭಣ ಅಂದರೆ ಮಟಮಟ ಮಧ್ಯಾಹ್ನ, ಬಿಕೋ ಅಂದರೆ ಸಂಜೆ, ಅದಕ್ಕೇ ಇದನ್ನು ಆರಿಸಿದ್ದು.

ಹಾಂ, ಪಂಕ್ ರಾಕ್ ಆದಮೇಲೆ ಬಂದ ಈ ಬಗೆಯ ಸಂಗೀತಕ್ಕೆ ಪೋಸ್ಟ್ ಪಂಕ್ ಅನ್ನುತ್ತಾರೆ, ಅದಕ್ಕೆ ನನ್ನ ತಮ್ಮ ‘ನವ್ಯೋತ್ತರ’ದ ಅಚ್ಚಿನಲ್ಲಿ ‘ಪಂಕೋತ್ತರ’ ಅಂತ ಹೊಸೆದಿದ್ದಾನೆ. ಪಂಕ್‌ನಿಂದಲೇ ಹುಟ್ಟಿದ್ದಲ್ವಾ, ಸುಮ್ನೆ ಪಂಕಜ ಅಂತ ಇಡೋ ಅಂದೆ. ಅದಕ್ಕೆ ಉತ್ತರ ಬೇಡ, ಬಿಕೋಗೆ ಕೊಡಿ.