ಸಿಸಿಲಿ ಸಾಂಡರ್ಸ್ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಏನೇನು ಹೇಳಬೇಕು?

ಪ್ರಶ್ನೆ: ನರ್ಸಿಂಗ್ ಬೋಧಕಿ, ಹಾಸನ

ಮೇ 12ರ ದಾದಿಯರ ದಿನಕ್ಕೆ ಈ ಸಲ ನೈಟಿಂಗೇಲ್ ಬದಲು, ಹಾಸ್ಪಿಸ್ (ಸಾವು ಹತ್ತಿರವಾದ ರೋಗಿಗಳನ್ನು ನೋಡಿಕೊಳ್ಳುವ ಮನೆ) ಕಟ್ಟಿದ ಸಿಸಿಲಿ ಸಾಂಡರ್ಸ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕೆಂದಿದ್ದೇನೆ. ಕೇಳುವವರು ಮೂರನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಕ್ಕಳು. ಸಾಂಡರ್ಸ್ ಅವರ ನಂಬಿಕೆ, ಮನೆ, ಸಾರ್ವಜನಿಕ ಹೋರಾಟ ಇವೆಲ್ಲ ವಾರ್ಡಿನ ಕೆಲಸಕ್ಕೆ ಹೇಗೆ ತಗುಲಿಕೊಂಡಿದ್ದವು? ನೋವು ಇಳಿಸಲು ಅವರು ಮಾರ್ಫಿನ್ ಕೊಡುತ್ತಿದ್ದ ಕ್ರಮವನ್ನು ನಮ್ಮ ವಾರ್ಡಿಗೆ ಹೊಂದುವಂತೆ ವಿವರಿಸುವುದು ಹೇಗೆ? ದಯಾಮರಣದ ಪ್ರಶ್ನೆಯನ್ನು ಮಕ್ಕಳು ಖಂಡಿತ ಎತ್ತುತ್ತಾರೆ, ಅದಕ್ಕೂ ಸಿದ್ಧವಾಗಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ವೈದ್ಯಕೀಯ ಇತಿಹಾಸದ ಓದುಗ

ಮೇಡಂ, ಅವರನ್ನು ಡಾಕ್ಟರ್ ಎಂದು ಪರಿಚಯಿಸಿ ಶುರು ಮಾಡಬೇಡಿ. ಮೊದಲು ಅವರು ನರ್ಸ್. ಹುಟ್ಟಿದ್ದು 1918ರಲ್ಲಿ, ಲಂಡನ್ ಪಕ್ಕದ ಬಾರ್ನೆಟ್‌ನಲ್ಲಿ. ಯುದ್ಧ ಶುರುವಾದಾಗ ಆಕ್ಸ್‌ಫರ್ಡ್ ಓದು ನಡುವೆಯೇ ಬಿಟ್ಟು, 1940ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆ ಸೇರಿದರು. ಬೆನ್ನುನೋವಿನಿಂದ ರೋಗಿಗಳನ್ನು ಎತ್ತಿ ಇಳಿಸುವ ಕೆಲಸ ಆಗದೆ ಹೋಯಿತು. ಆಗ ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾದರು. ವೈದ್ಯೆಯಾಗಿದ್ದು 1957ರಲ್ಲಿ, ನಲವತ್ತರ ಹತ್ತಿರ. ಸಾಯುವ ರೋಗಿಗಳಿಗಾಗಿ ಏನಾದರೂ ಮಾಡಬೇಕಿದ್ದರೆ ವೈದ್ಯಕೀಯ ಓದು, ಇಲ್ಲವಾದರೆ ನಿನ್ನ ಮಾತು ಯಾರೂ ಕೇಳುವುದಿಲ್ಲ ಎಂದು ನಾರ್ಮನ್ ಬ್ಯಾರೆಟ್ ಎಂಬ ಸರ್ಜನ್ ಹೇಳಿದ್ದರು. ಒಬ್ಬ ನರ್ಸ್‌ಗೆ ಈ ಮಾತು ಹೇಳಬೇಕಾಗಿ ಬಂತಲ್ಲ, ಅದನ್ನು ಮಕ್ಕಳ ಮುಂದೆ ಇಟ್ಟು ಚರ್ಚಿಸಿ.

ತಂದೆತಾಯಿ ಬೇರೆಯಾದ 1945ರಲ್ಲೇ ಅವರಿಗೆ ಕ್ರೈಸ್ತ ನಂಬಿಕೆ ಗಟ್ಟಿಯಾಯಿತು. 1948ರ ಫೆಬ್ರವರಿಯಲ್ಲಿ, ಸಾಂಡರ್ಸ್ ನೋಡಿಕೊಳ್ಳುತ್ತಿದ್ದ ಡೇವಿಡ್ ತಾಸ್ಮಾ ತೀರಿಕೊಂಡರು. ವಾರ್ಸಾದಿಂದ ಬಂದ ಯಹೂದಿ, ಕ್ಯಾನ್ಸರ್ ರೋಗಿ, ಹತ್ತಿರದವರು ಯಾರೂ ಇರಲಿಲ್ಲ. ನೀನು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿ 500 ಪೌಂಡ್ ಬಿಟ್ಟುಹೋದರು. ಆ ಮನೆ ಎದ್ದದ್ದು ಹತ್ತೊಂಬತ್ತು ವರ್ಷದ ಮೇಲೆ: 1967ರಲ್ಲಿ, ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ, 54 ಹಾಸಿಗೆಯ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್. ನಡುವಿನ ವರ್ಷಗಳಲ್ಲಿ ನಡೆದ ವಾದಗಳಲ್ಲಿ ದೊಡ್ಡದು, ಇದು ಚರ್ಚಿನ ಸಂಸ್ಥೆಯೋ ಆಸ್ಪತ್ರೆಯೋ ಎಂಬುದು. ಧಾರ್ಮಿಕ ತಳಹದಿ ಇರಲಿ, ಬಾಗಿಲು ಎಲ್ಲ ನಂಬಿಕೆಯವರಿಗೂ ನಂಬಿಕೆ ಇಲ್ಲದವರಿಗೂ ತೆರೆದಿರಲಿ ಎಂಬುದಕ್ಕೆ ಅವರು ಬಂದು ನಿಂತರು. ಯಹೂದಿಯ ಹಣದಿಂದ ಮೊದಲಾದ ಮನೆಗೆ ಬೇರೆ ದಾರಿಯೇ ಸರಿಹೋಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಸಾರ ತಡವಾಗಿ ಬಂತು. ಪೋಲಿಷ್ ಚಿತ್ರಕಾರ ಮರಿಯನ್ ಬೋಹುಷ್ ಅವರನ್ನು 1980ರಲ್ಲಿ, ತಮ್ಮ ಅರವತ್ತು ದಾಟಿದ ಮೇಲೆ ಮದುವೆಯಾದರು. ಗಂಡ ಅವರಿಗಿಂತ ತುಂಬಾ ದೊಡ್ಡವರು. 1995ರಲ್ಲಿ ಅವರು ತೀರಿಕೊಳ್ಳುವವರೆಗೂ ಆರೈಕೆ ಮಾಡಿದರು. 2005ರಲ್ಲಿ ಸಾಂಡರ್ಸ್ ಕೊನೆಯುಸಿರೆಳೆದದ್ದು ತಾವೇ ಕಟ್ಟಿದ ಹಾಸ್ಪಿಸ್‌ನಲ್ಲಿ.

ಉತ್ತರ: ಪ್ಯಾಲಿಯೇಟಿವ್ ವಾರ್ಡ್ ಸಿಸ್ಟರ್

ಪ್ಯಾಲಿಯೇಟಿವ್ ಅಂದರೆ ನೋವು, ಸಂಕಟ ಇಳಿಸುವ ಆರೈಕೆ; ನಾನು ಮಾರ್ಫಿನ್ ವಿಷಯಕ್ಕೆ ಬರುತ್ತೇನೆ. ಸೇಂಟ್ ಲ್ಯೂಕ್ಸ್ ಎಂಬ ಆಸ್ಪತ್ರೆಯಲ್ಲಿ ಸಂಜೆ ಹೊತ್ತು ಸ್ವಯಂಸೇವೆ ಮಾಡುವಾಗ, ಅಲ್ಲಿನ ನರ್ಸ್‌ಗಳು ನೋವಿನ ಔಷಧವನ್ನು ಗಡಿಯಾರ ನೋಡಿ ಕೊಡುವುದನ್ನು ಸಾಂಡರ್ಸ್ ಕಂಡಿದ್ದರು. 1958ರಿಂದ ಸೇಂಟ್ ಜೋಸೆಫ್ಸ್ ಎಂಬ ಹಾಸ್ಪಿಸ್‌ನಲ್ಲಿ ಅದನ್ನೇ ಜಾರಿಗೆ ತಂದು, ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟರು. ಇದರ ಮೂಲ ನರ್ಸ್‌ಗಳ ರೂಢಿ ಎಂದು ಒತ್ತಿ ಹೇಳಿ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು 4 ಗಂಟೆ. ನೋವು ಬಂದ ಮೇಲೆ ಕೊಡುತ್ತೇವೆ ಎಂದರೆ ರೋಗಿ ಪ್ರತಿ ಸಲ ನರಳಬೇಕು, ಕೇಳಬೇಕು, ಕಾಯಬೇಕು. ಅಷ್ಟರಲ್ಲಿ ನೋವು ಏರಿರುತ್ತದೆ, ಹೆಚ್ಚು ಡೋಸ್ ಬೇಕಾಗುತ್ತದೆ, ಆಮೇಲೆ ಮಂಪರು. ಹಾಗಾಗಿ ಬೋರ್ಡಿನ ಮೇಲೆ ಗಡಿಯಾರ ಬರೆದು ಕಲಿಸಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ಕ್ಕೆ ಎರಡರಷ್ಟು ಕೊಟ್ಟರೆ 2 ಗಂಟೆಗೆ ಎಬ್ಬಿಸಬೇಕಿಲ್ಲ.

ಡೋಸ್ ಬರೆಯುವವರು ವೈದ್ಯರು, ಆದರೆ ಲೆಕ್ಕ ನರ್ಸ್‌ಗೂ ಬರಬೇಕು. ಶುರು ಸಾಮಾನ್ಯವಾಗಿ 5 ಅಥವಾ 10 ಮಿ.ಗ್ರಾಂ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ 2.5 ಮಿ.ಗ್ರಾಂ., ಅಂತರವೂ ಹೆಚ್ಚು. 10 ಮಿ.ಗ್ರಾಂ. ನಡೆಯುತ್ತಿದ್ದರೆ, ನಾಲ್ಕು ಸಲ 10, ರಾತ್ರಿ 20 ಸೇರಿ ದಿನಕ್ಕೆ 60 ಆಯಿತು. ನಡುವೆ ನೋವು ಚಿಮ್ಮಿದರೆ ಕೊಡುವುದು ದಿನದ ಮೊತ್ತದ ಆರನೇ ಒಂದು ಭಾಗ, ಅಂದರೆ 10. ಇಂಥ ಹೆಚ್ಚುವರಿ ಡೋಸ್ ದಿನಕ್ಕೆ ಮೂರು ಸಲ ಬೇಕಾದರೆ ಮೊತ್ತ 90 ಆಗುತ್ತದೆ. ವೈದ್ಯರಿಗೆ ತಿಳಿಸಿದರೆ ಮರುದಿನದಿಂದ ಪ್ರತಿ ಡೋಸ್ 15ಕ್ಕೆ ಏರಿಸುತ್ತಾರೆ.

ಎಡವುವುದು ಎಲ್ಲಿ ಅಂದರೆ, ಮೊದಲನೆಯದು ಮಲಬದ್ಧತೆ. ಮಾರ್ಫಿನ್ ಜೊತೆ ಮೊದಲ ದಿನದಿಂದಲೇ ಬಿಸಾಕೊಡಿಲ್ ಥರದ, ಮಲ ಸಡಿಲಿಸುವ ಔಷಧ ಇರಲೇಬೇಕು. ವಾಕರಿಕೆ ಕೆಲವೇ ದಿನದಲ್ಲಿ ಕಡಿಮೆಯಾಗುತ್ತದೆ, ಮಲಬದ್ಧತೆ ತಾನಾಗಿ ಹೋಗುವುದಿಲ್ಲ. ಇನ್ನೊಂದು ದೊಡ್ಡ ತಪ್ಪು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿ ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಹಾಕುವುದು. 12 ಗಂಟೆಯ ಔಷಧ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ, ಜೀವಕ್ಕೆ ಅಪಾಯ. ಕೈಕಾಲು ಆಗಾಗ ಎಗರುವುದು, ಎಬ್ಬಿಸಿದರೂ ಏಳದ ಮಂಪರು, ಸೂಜಿಮೊನೆಯಂಥ ಕಣ್ಣಪಾಪೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು ಕಂಡರೆ ಮುಂದಿನ ಡೋಸ್ ನಿಲ್ಲಿಸಿ ತಕ್ಷಣ ವೈದ್ಯರನ್ನು ಕರೆಯಬೇಕು. ಕಿಡ್ನಿ ಕುಗ್ಗಿದರೂ, ನೀರಿನಂಶ ಇಳಿದರೂ ಹೀಗಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಾತ್ರೆಯಿಂದ ಇಳಿಯದ ನೋವು. ದೇಹದ ನೋವು, ಮನಸ್ಸಿನ ಭಯ, ಮನೆಯವರ ಚಿಂತೆ, ನಾನೇನು ಪಾಪ ಮಾಡಿದ್ದೆ ಎಂಬ ಸಂಕಟ, ಈ ನಾಲ್ಕನ್ನೂ ಸೇರಿಸಿ ಸಾಂಡರ್ಸ್ ‘ಸಮಗ್ರ ನೋವು’ ಎಂದರು. ಡೋಸ್ ಏರಿಸಿದರೂ ರೋಗಿ ಹೇಳುವ ನೋವಿನ ಅಂಕ ಹತ್ತಕ್ಕೆ ಎಂಟರಲ್ಲೇ ನಿಂತಿದ್ದರೆ ಮಗಳ ಮದುವೆ, ಸಾಲ, ಜಮೀನಿನ ಖಾತೆ ಇವನ್ನೂ ಕೇಳಿ, ಚಾರ್ಟಿನಲ್ಲಿ ಬರೆಯಿರಿ.

ಮರುಪ್ರಶ್ನೆ: ನರ್ಸಿಂಗ್ ಬೋಧಕಿ, ಹಾಸನ

ತುಂಬಾ ಉಪಯೋಗವಾಯಿತು ಸಿಸ್ಟರ್. ಕೇಸ್‌ಶೀಟಿನಲ್ಲಿ ‘ಬೇಕಾದಾಗ ಕೊಡಿ’ ಎಂದಷ್ಟೇ ಆರ್ಡರ್ ಇದ್ದರೆ ನರ್ಸ್ ಏನು ಮಾಡಬಹುದು?

ಉತ್ತರ: ಪ್ಯಾಲಿಯೇಟಿವ್ ವಾರ್ಡ್ ಸಿಸ್ಟರ್

ತಾನೇ ಬದಲಿಸುವಂತಿಲ್ಲ. 24 ಗಂಟೆಯ ಪಟ್ಟಿ ಮಾಡಲಿ: ಕೇಳಿದ ಹೊತ್ತು, ಕೊಟ್ಟ ಹೊತ್ತು, ಕೊಡುವ ಮೊದಲಿನ ಅಂಕ, ಒಂದು ಗಂಟೆಯ ನಂತರದ ಅಂಕ. ಬೆಳಗಿನ ರೌಂಡ್ಸ್‌ನಲ್ಲಿ ಆ ಹಾಳೆಯನ್ನು ವೈದ್ಯರ ಕೈಗೆ ಕೊಡಲಿ. ‘ರಾತ್ರಿಯೆಲ್ಲ ನರಳಿದರು ಸರ್’ ಎಂಬ ಮಾತಿಗೆ ಬದಲಾಗದ ಆರ್ಡರ್ ಆ ಹಾಳೆಗೆ ಬದಲಾಗುತ್ತದೆ.

ಉತ್ತರ: ಆರೋಗ್ಯ ಕಾನೂನು, ಬೆಂಗಳೂರು

1959ರಲ್ಲಿ ಸಾಂಡರ್ಸ್ ಇಂಗ್ಲೆಂಡಿನ ನರ್ಸಿಂಗ್ ಟೈಮ್ಸ್‌ಗೆ ಬರೆದ ಲೇಖನಮಾಲೆಯ ಮೊದಲ ಲೇಖನವೇ ದಯಾಮರಣದ ಬಗ್ಗೆ. ಕೊನೆಯವರೆಗೂ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಬರೀ ಧರ್ಮದ ನೆಲೆಯಿಂದ ಅಲ್ಲ. ನೋವು ಸರಿಯಾಗಿ ಇಳಿದರೆ ಸಾಯಿಸಿ ಎಂಬ ಕೋರಿಕೆ ಬಹುಪಾಲು ನಿಲ್ಲುತ್ತದೆ ಎಂಬುದು ಅವರ ವಾದ, ಅದರ ಬೆನ್ನಿಗೆ ಹಾಸಿಗೆ ಪಕ್ಕದ ದಾಖಲೆಗಳು. 1963ರಲ್ಲಿ ಅಮೆರಿಕದ ಯೇಲ್‌ನಲ್ಲಿ ಅವರ ಮಾತು ಕೇಳಿದ ನರ್ಸಿಂಗ್ ಡೀನ್ ಫ್ಲಾರೆನ್ಸ್ ವಾಲ್ಡ್ ಮುಂದೆ ಆ ಹುದ್ದೆ ಬಿಟ್ಟು, ಅಲ್ಲಿ ಹಾಸ್ಪಿಸ್ ಕಟ್ಟುವ ಕೆಲಸಕ್ಕೆ ಇಳಿದರು.

ನಮ್ಮಲ್ಲಿನ ಕಾನೂನನ್ನು ಮಕ್ಕಳು ಬೆರೆಸಿಕೊಳ್ಳದಂತೆ ನೋಡಿಕೊಳ್ಳಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಅಪರಾಧ. ಗುಣವಾಗುವ ಆಸೆಯೇ ಇಲ್ಲದವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದಕ್ಕೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ದಾರಿ ಕೊಟ್ಟಿತು, 2023ರಲ್ಲಿ ಕ್ರಮ ಸರಳ ಮಾಡಿತು. ಇಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಮುಂಚಿತ ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ವೆಂಟಿಲೇಟರ್ ತೆಗೆದ ಮೇಲೂ ಬಾಯಿ ಒದ್ದೆ ಮಾಡುವುದು, ಮಗ್ಗುಲು ಬದಲಿಸುವುದು, ನೋವಿನ ಔಷಧ ಯಾವುದೂ ನಿಲ್ಲುವುದಿಲ್ಲ. ನರ್ಸ್‌ಗಳಿಗೆ ಇದು ಸ್ಪಷ್ಟ ಇರಬೇಕು.

ಮಾರ್ಫಿನ್ ಸಿಗದಿರುವುದಕ್ಕೂ ಕಾನೂನೇ ದೊಡ್ಡ ಕಾರಣವಾಗಿತ್ತು. 1985ರ ಮಾದಕ ದ್ರವ್ಯ ಕಾಯ್ದೆಯಡಿ ಹಲವು ಪರವಾನಗಿ ಬೇಕಿದ್ದರಿಂದ ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯ ನಂತರ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಒಂದಿದ್ದರೆ ಆಯಿತು. ನಿಮ್ಮ ಕಾಲೇಜಿನ ಆಸ್ಪತ್ರೆಗೆ ಆ ಮಾನ್ಯತೆ ಇದೆಯೇ ಎಂದು ಫಾರ್ಮಸಿಯಲ್ಲಿ ಕೇಳಿಬರುವ ಕೆಲಸವನ್ನು ಮಕ್ಕಳಿಗೇ ಹಚ್ಚಿ.

ಉತ್ತರ: ಮನೆ ಆರೈಕೆ ತಂಡ

ಮನೆಯವರ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಸೇಂಟ್ ಕ್ರಿಸ್ಟಫರ್ಸ್‌ನಲ್ಲಿ ಸೋಮವಾರ ಭೇಟಿ ಇರಲಿಲ್ಲ. ದಿನವೂ ಬಂದು ಕೂರುವ ಹೆಂಡತಿ ಮಕ್ಕಳಿಗೆ, ಬರಲಿಲ್ಲವಲ್ಲ ಎಂಬ ಅಪರಾಧಭಾವ ಇಲ್ಲದೆ ಒಂದು ದಿನ ವಿಶ್ರಾಂತಿ ಸಿಗಲಿ ಎಂದು. ಉಳಿದ ದಿನ ಚಿಕ್ಕ ಮಕ್ಕಳಿಗೂ ಪ್ರವೇಶ. 1969ರಿಂದ ಅವರ ನರ್ಸ್‌ಗಳು ಮನೆಗಳಿಗೇ ಹೋಗತೊಡಗಿದರು.

ನಮ್ಮ ಕಡೆ ಆರೈಕೆಯೆಲ್ಲ ಸಾಮಾನ್ಯವಾಗಿ ಸೊಸೆ ಅಥವಾ ಹೆಂಡತಿಯ ತಲೆ ಮೇಲೆ. ಮಾರ್ಫಿನ್ ಅಂದರೆ ಚಟ ಹಿಡಿಯುತ್ತದೆ ಎಂದು ಹೆದರಿ ಮಾತ್ರೆ ಕಡಿಮೆ ಮಾಡುವುದೂ ಸಾಮಾನ್ಯ. ಡಿಸ್ಚಾರ್ಜ್ ದಿನ ಔಷಧದ ಹೊತ್ತನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಿ, ಅವರಿಂದಲೇ ಒಮ್ಮೆ ಹೇಳಿಸಿ. ವಾಸನೆ ಬರುವ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವುದನ್ನು ವೈದ್ಯರ ಸಲಹೆಯಂತೆ ತೋರಿಸಿಕೊಡಿ, ವಾಸನೆ ಇಳಿದರೆ ನೆಂಟರು ಹತ್ತಿರ ಕೂರುತ್ತಾರೆ. ಬೆಂಗಳೂರಿನ ಮಾರತ್‌ಹಳ್ಳಿ ಕಡೆ ಇರುವ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಮಕ್ಕಳನ್ನು ಸಣ್ಣ ಗುಂಪಿನಲ್ಲಿ ಕರೆದೊಯ್ಯಿರಿ.