ಕೊಡಲಿ ಎಸೆತ: ಬಾಯಿ ನಾಟುತ್ತಿಲ್ಲ, ಕಾವು ಬಡಿಯುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ತೀರ್ಥಹಳ್ಳಿ ಹುಡುಗ, ಮಿಸಿಸಾಗಾ

ಎಲ್ಲರಿಗೂ ನಮಸ್ಕಾರ. ಆಫೀಸಿನವರ ಜೊತೆ ಒಂದು ಸಲ ಕೊಡಲಿ ಎಸೆಯೋಕೆ ಹೋಗಿದ್ದೆ, ಹುಚ್ಚು ಹಿಡಿಯಿತು. ಈಗ ಎಂಟು ವಾರದ ಲೀಗ್‌ಗೆ ಸೇರಿದ್ದೇನೆ. ಎರಡು ವಾರ ಮುಗಿದಿದೆ. ಹತ್ತು ಸಲ ಎಸೆದರೆ ಎರಡೋ ಮೂರೋ ಹಲಗೆಗೆ ನಾಟುತ್ತವೆ. ಉಳಿದವು ಕಾವಿನ ತುದಿ ಬಡಿದು ಕೆಳಗೆ ಬೀಳುತ್ತವೆ. ಬಡಿಯುವ ಜಾಗವೂ ಗುರಿಗಿಂತ ಒಂದಡಿ ಕೆಳಗೆ. ಕಳೆದ ಗುರುವಾರ ಒಂದು ಪುಟಿದು ನನ್ನ ಶೂ ಹತ್ತಿರವೇ ಬಂತು.

ಊರಲ್ಲಿ ಬಚ್ಚಲೊಲೆಗೆ ಸೌದೆ ಸೀಳಿ ಬೆಳೆದವನು ನಾನು. ಕೊಡಲಿ ಹೊಸದೇನಲ್ಲ. ಆದರೆ ಇಲ್ಲಿ ಜೋರಾಗಿ ಎಸೆದಷ್ಟೂ ಕೆಡುತ್ತಿದೆ, ಬಲಭುಜ ಬೇರೆ ನೋಯುತ್ತಿದೆ. ತೋಳಲ್ಲಿ ಶಕ್ತಿ ಸಾಲದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಯಾಗರಾ ದಾರಿ

ಮೊದಲು ಅರ್ಧ ಅಡಿ ಹಿಂದೆ ನಿಂತು ನೋಡಿ. ಕಾವಿನ ತುದಿ ಮೊದಲು ತಾಗಿದರೆ ಗಾಳಿಯಲ್ಲಿ ಕೊಡಲಿಯ ಸುತ್ತು ಪೂರ್ತಿ ಆಗಿಲ್ಲ ಅಂತ. ಕೊಡಲಿಯ ತಲೆಯ ಮೇಲ್ತುದಿ ಮೊದಲು ತಾಗಿದರೆ ಸುತ್ತು ಜಾಸ್ತಿಯಾಗಿದೆ ಅಂತ, ಆಗ ಮುಂದೆ ಬನ್ನಿ. ಗೆರೆ ಮಾತ್ರ ತುಳಿಯಬೇಡಿ.

ಸಕಲೇಶಪುರದ ಅಕ್ಕ, ಸ್ಕಾರ್ಬರೋ

ಶಕ್ತಿ ಸಾಲದೆ ಹೀಗಾಗುತ್ತಿಲ್ಲ, ಜಾಸ್ತಿ ಹಾಕಿ ಹೀಗಾಗುತ್ತಿದೆ. ನಾನು ಐದು ವರ್ಷದಿಂದ ಲೀಗ್ ಆಡುತ್ತಿದ್ದೇನೆ. ನಾನೂ ತೋಟದ ಮನೆಯಲ್ಲಿ ಸೌದೆ ಸೀಳಿದವಳೇ. ಮೊದಲ ಸೀಸನ್ ಪೂರ್ತಿ ನನ್ನನ್ನು ಕಾಡಿದ್ದು ಆ ಅಭ್ಯಾಸವೇ.

ಸೌದೆ ಸೀಳುವಾಗ ಸೊಂಟ ಬಗ್ಗಿಸಿ, ಕೊನೆಯವರೆಗೂ ಕಾವನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಎಳೆಯುತ್ತೇವೆ ಅಲ್ವಾ? ಇಲ್ಲಿ ಕೊಡಲಿಯನ್ನು ಬಿಟ್ಟುಕೊಡಬೇಕು. ನೀವು ಬಗ್ಗಿದರೆ ಕೈ ಒಂದಡಿ ಮುಂದೆ ಹೋಗಿಬಿಟ್ಟಿರುತ್ತದೆ. ಕಾಲು ಗೆರೆಯ ಹಿಂದೆಯೇ ಇದ್ದರೂ ಕೊಡಲಿ ಹೊರಡುವುದು ಹಲಗೆಯ ಹತ್ತಿರದಿಂದ. ಸುತ್ತು ಮುಗಿಸೋಕೆ ಅದಕ್ಕೆ ಜಾಗ ಸಿಗುವುದಿಲ್ಲ, ಕಾವು ಬಡಿಯುತ್ತದೆ. ತಡವಾಗಿ ಬಿಟ್ಟಿದ್ದಕ್ಕೆ ಕೆಳಗೆ ಬಡಿಯುತ್ತದೆ. ನಿಮ್ಮ ಎರಡೂ ತೊಂದರೆಯ ಬೇರು ಒಂದೇ.

ಸುಮಾರು 12 ಅಡಿ ದೂರ, ಒಂದೇ ಸುತ್ತು. ಇಲ್ಲಿನ ಕೊಡಲಿಯ ತಲೆ ಒಂದೂವರೆ ಪೌಂಡ್, ಅಂದರೆ 700 ಗ್ರಾಂ ಆಸುಪಾಸು. ಊರಿನ ಸೌದೆ ಕೊಡಲಿಯ ತೂಕ ಇದಕ್ಕಿಲ್ಲ. ತೋಳು ಬೀಸಿದರೆ ಸಾಕು, ತಾನಾಗಿ ತಿರುಗುತ್ತದೆ. ಮಣಿಕಟ್ಟು ಕುಲುಕಿಸಿ ತಿರುಗಿಸೋಕೆ ಹೋಗಬೇಡಿ.

ಈ ಗುರುವಾರ ಒಂಟಿ ಕೈ ಬಿಡಿ, ಎರಡೂ ಕೈಯಲ್ಲಿ ಎಸೆಯಿರಿ, ಭುಜಕ್ಕೂ ಹಗುರ. ಕಾವಿನ ಬುಡದಲ್ಲಿ ಒಂದರ ಮೇಲೊಂದು ಕೈ, ಹೆಬ್ಬೆರಳು ಕಾವನ್ನು ಸುತ್ತಿರಲಿ. ಬಾಯಿ ನೇರ ಹಲಗೆಯ ಕಡೆಗಿದೆಯಾ ನೋಡಿಕೊಳ್ಳಿ. ಸ್ವಲ್ಪ ವಾಲಿದ್ದರೂ ಅಡ್ಡಡ್ಡ ಬಂದು ಬಡಿಯುತ್ತದೆ. ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದು, ಬೆನ್ನು ನೆಟ್ಟಗಿಟ್ಟೇ ಮುಂದಕ್ಕೆ ತನ್ನಿ. ಕೈ ಕಣ್ಣಿನ ಮಟ್ಟಕ್ಕೆ ಬಂದಾಗ ಬೆರಳು ಸಡಿಲಿಸಿ. ಬಿಟ್ಟ ಮೇಲೂ ಕೈ ಗುರಿಯ ಕಡೆಗೇ ಇರಲಿ.

ನನಗೆ ಕಲಿಸಿದವರು ಜಾಲರಿಯ ಆಚೆ ನಿಂತು, ಬಿಡುವ ಹೊತ್ತಿಗೆ ‘ಈಗ’ ಅಂತ ಕೂಗುತ್ತಿದ್ದರು. ಪ್ರತಿ ಸಲವೂ ತೀರಾ ಬೇಗ ಅನ್ನಿಸುತ್ತಿತ್ತು. ನಂಬಿಕೆಯೇ ಬರುತ್ತಿರಲಿಲ್ಲ. ಮೂರನೇ ವಾರ ಒಂದು ಸಲ ಅವರು ಕೂಗಿದ ಕ್ಷಣಕ್ಕೇ ಬಿಟ್ಟೆ. ಹಲಸಿನಹಣ್ಣಿಗೆ ಕತ್ತಿ ಇಳಿದ ಹಾಗೆ ‘ದಪ್’ ಅಂತ ಒಂದೇ ಸದ್ದು. ಕಾವು ಅಲುಗಾಡಲೂ ಇಲ್ಲ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಹಲಗೆ ಒಣಗಿದ್ದರೆ ನೀರು ಚಿಮುಕಿಸಲು ಹೇಳಿ, ನೆನೆದ ಮರಕ್ಕೆ ಚೆನ್ನಾಗಿ ನಾಟುತ್ತದೆ. ಇನ್ನೊಂದು ಮಾತು: ಪುಟಿದು ಬಂದ ಕೊಡಲಿಗೆ ಕಾಲು ಅಡ್ಡ ಕೊಡಬೇಡಿ, ಹಿಂದೆ ಸರಿಯಿರಿ. ಪಕ್ಕದವರೂ ಎಸೆದು ಮುಗಿಸಿದ ಮೇಲೆ ಇಬ್ಬರೂ ಒಟ್ಟಿಗೇ ಹೋಗಿ ಕೀಳಿ.

ತೀರ್ಥಹಳ್ಳಿ ಹುಡುಗ, ಮಿಸಿಸಾಗಾ

ಅಕ್ಕ, ಹೋಗಿ ಬಂದೆ! ಅರ್ಧ ಅಡಿ ಹಿಂದೆ ನಿಂತು ಹಿಮ್ಮಡಿಯ ಹತ್ತಿರ ಟೇಪ್ ಅಂಟಿಸಿಕೊಂಡೆ. ಮೊದಲ ಐದಾರು ಎಸೆತ ಛಾವಣಿಗೇ ಹೋಗುತ್ತದೇನೋ ಅನ್ನುವಷ್ಟು ಬೇಗ ಬಿಟ್ಟ ಹಾಗನ್ನಿಸಿತು. ನೋಡಿದರೆ ಎದೆಮಟ್ಟಕ್ಕೆ ನಾಟಿತ್ತು. ಕೊನೆಯ ಹತ್ತರಲ್ಲಿ ಏಳು! ಭುಜವೂ ನೋಯಲಿಲ್ಲ. ಮೇಲಿನ ಎರಡು ಹಸಿರು ಚುಕ್ಕೆಗೆ ಯಾವಾಗ ಎಸೆಯಬೇಕು?

ಸಕಲೇಶಪುರದ ಅಕ್ಕ, ಸ್ಕಾರ್ಬರೋ

ಓದಿ ತುಂಬಾ ಖುಷಿಯಾಯಿತು. ಹಸಿರು ಚುಕ್ಕೆ ಅಂದರೆ ನಿಮ್ಮದು 2006ರಲ್ಲಿ ಟೊರೊಂಟೊದ ಹಿತ್ತಲಲ್ಲಿ ಶುರುವಾದ ಲೀಗ್‌ನ ಲೆಕ್ಕ. ಒಂದು ರೌಂಡ್‌ಗೆ ಐದು ಎಸೆತ, ಒಟ್ಟು ಮೂರು ರೌಂಡ್, ನಡುವಿನ ಗುರಿಗೆ 5 ಅಂಕ. ಐದನೇ ಎಸೆತಕ್ಕೆ ಮುಂಚೆ ‘ಕ್ಲಚ್’ ಅಂತ ಕೂಗಿ ಹೇಳಿ ಹಸಿರು ಚುಕ್ಕೆಗೆ ಹೊಡೆದರೆ 7. ತಪ್ಪಿದರೆ ಸೊನ್ನೆ, ನಡುವೆ ನಾಟಿದರೂ ಸೊನ್ನೆಯೇ. ಎಲ್ಲವೂ ಕೂಡಿ ಬಂದರೆ ಒಟ್ಟು 81.

ಈ ಸೀಸನ್‌ನಲ್ಲಿ ಕೂಗಬೇಡಿ, ಐದನೆಯದನ್ನೂ ನಡುವಿಗೇ ಎಸೆಯಿರಿ. ಅಭ್ಯಾಸದ ಹೊತ್ತಲ್ಲಿ ಮಾತ್ರ ಚುಕ್ಕೆಗೆ ಪ್ರಯತ್ನಿಸಿ. ಆಗಲೂ ಜೋರು ಜಾಸ್ತಿ ಮಾಡಬೇಡಿ, ನಿಲ್ಲುವ ಜಾಗವೂ ಅದೇ ಇರಲಿ. ನೋಟ ಮೇಲೆತ್ತಿ ಒಂದು ಕೂದಲೆಳೆಯಷ್ಟು ಬೇಗ ಬಿಡಿ. ಆ ಟೇಪ್ ಮಾತ್ರ ಕೀಳಬೇಡಿ.