35,000 ರೂಪಾಯಿಯೊಳಗೆ ಫ್ಲೈಟ್ ಸಿಮ್ಯುಲೇಟರ್‌ಗಾಗಿ ಕಂಪ್ಯೂಟರ್ ಸುಧಾರಣೆ: ಮೊದಲು ಯಾವ ಭಾಗ ಬದಲಿಸಲಿ?

ಪ್ರಶ್ನೆ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಮಗನ ಆನ್‌ಲೈನ್ ತರಗತಿಗಳಿಗೆಂದು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಜೋಡಿಸಿಕೊಂಡು ತಂದಿದ್ದ ಕಂಪ್ಯೂಟರ್ ಈಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯನ್ನು ನಡೆಸುತ್ತಿದ್ದೇನೆ. ಪ್ರೊಸೆಸರ್ ರೈಜೆನ್ 5 3600, ಮದರ್‌ಬೋರ್ಡ್ ಬಿ450, ರ‍್ಯಾಮ್ 16 ಜಿಬಿ (8 ಜಿಬಿಯ ಎರಡು ಸ್ಟಿಕ್), ಗ್ರಾಫಿಕ್ಸ್ ಕಾರ್ಡ್ 6 ಜಿಬಿಯ ಜಿಟಿಎಕ್ಸ್ 1660 ಸೂಪರ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) 450 ವಾಟ್. ವಿಂಡೋಸ್ 240 ಜಿಬಿಯ ಎಸ್‌ಎಸ್‌ಡಿಯಲ್ಲಿದೆ. ಅದರಲ್ಲಿ ಜಾಗ ಸಾಲದೆ ಸಿಮ್ಯುಲೇಟರನ್ನು ಹಳೆಯ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಮಾನಿಟರ್ 1080ಪಿ, 60 ಹರ್ಟ್ಸ್.

ನಾನು ಹೆಚ್ಚಾಗಿ ಹಾರುವುದು ಮಂಗಳೂರಿನಿಂದ ಮುಂಬೈಗೆ, ಫ್ಲೈಬೈವೈರ್ ತಂಡದವರು ಉಚಿತವಾಗಿ ಕೊಡುವ ಎ320 ವಿಮಾನದಲ್ಲಿ. ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಿಂದ ಏಳುವಾಗಲೂ ಕರಾವಳಿಯ ಗುಂಟ ಸಮುದ್ರದ ಮೇಲೆ ಬರುವಾಗಲೂ ಸೆಕೆಂಡಿಗೆ 40ಕ್ಕಿಂತ ಹೆಚ್ಚು ಫ್ರೇಮ್ ಸಿಗುತ್ತದೆ. ಆದರೆ ಮುಂಬೈಯ 27ನೇ ರನ್‌ವೇಗೆ ಇಳಿಯಲು ಪೂರ್ವದಿಂದ ನಗರದ ಮೇಲೆ ಬರುತ್ತಿದ್ದಂತೆ ಅದು 18–20ಕ್ಕೆ ಕುಸಿಯುತ್ತದೆ. ಸಾವಿರ ಅಡಿಗಿಂತ ಕೆಳಗೆ ಚಿತ್ರ ನಿಂತು ನಿಂತು ಮುಂದಕ್ಕೆ ಜಿಗಿಯುತ್ತದೆ. ನಾನು ಮೂತಿ ಎತ್ತುವಷ್ಟರಲ್ಲಿ ಚಕ್ರಗಳು ನೆಲಕ್ಕೆ ಬಡಿದು ಆಗಿರುತ್ತದೆ.

ದೀಪಾವಳಿ ಬೋನಸ್‌ನಲ್ಲಿ 35,000 ರೂಪಾಯಿಯನ್ನು ಇದಕ್ಕೆಂದು ಎತ್ತಿಟ್ಟಿದ್ದೇನೆ. ಅಷ್ಟನ್ನೂ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ 12 ಜಿಬಿಯ ಆರ್‌ಟಿಎಕ್ಸ್ 3060 ತರಬೇಕೆಂದಿದ್ದೆ, ಅಂಗಡಿಯವರೂ ಅದನ್ನೇ ಹೇಳಿದರು. ಮುಂದೆ 2024ರ ಆವೃತ್ತಿಗೆ ಹೋಗುವ ಆಸೆಯೂ ಇದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ಪುಣೆ)

ಮಾನ್ಯರೇ, ದುಡ್ಡು ಬಿಚ್ಚುವ ಮೊದಲು ಒಂದು ಸಂಜೆಯನ್ನು ಅಳತೆಗಾಗಿ ಮೀಸಲಿಡಿ. ನಿಮ್ಮ ವರ್ಣನೆಯಲ್ಲೇ ಒಂದು ಸುಳಿವಿದೆ. ಸಮುದ್ರದ ಮೇಲೆ ಸರಾಗವಾಗಿ ಓಡುವ ಕಾರ್ಡ್ ನಗರದ ಮೇಲೆ ಬಂದೊಡನೆ ಅರ್ಧಕ್ಕೆ ಇಳಿಯುತ್ತಿದೆ ಎಂದರೆ, ದೋಷ ಕಾರ್ಡ್‌ನದ್ದೇ ಆಗಿರಬೇಕೆಂದಿಲ್ಲ. ಒಂದೊಂದು ಫ್ರೇಮ್ ಬಿಡಿಸುವ ಮುನ್ನ ಯಾವ ಕಟ್ಟಡ ಎಲ್ಲಿದೆ, ಯಾವ ವಿಮಾನ ಎತ್ತ ಸಾಗುತ್ತಿದೆ, ಕಾಕ್‌ಪಿಟ್‌ನ ಪರದೆಗಳಲ್ಲಿ ಏನು ತೋರಿಸಬೇಕು ಎಂಬುದನ್ನೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ ಕಾರ್ಡ್‌ಗೆ ಒಪ್ಪಿಸಬೇಕು. ಈ ಕೆಲಸದ ದೊಡ್ಡ ಪಾಲು ಮೇನ್ ಥ್ರೆಡ್ ಎಂಬ ಒಂದೇ ಸಾಲಿನಲ್ಲಿ ನಡೆಯುವುದರಿಂದ, ಆರು ಕೋರ್‌ಗಳಿದ್ದರೂ ಉಳಿದ ಕೋರ್‌ಗಳು ಬಹುಪಾಲು ಕೈಕಟ್ಟಿ ನಿಂತಿರುತ್ತವೆ. ನೀವು ಹಾರಿಸುವ ಎ320 ವಿವರಗಳಲ್ಲಿ ಶ್ರೀಮಂತವಾದ ವಿಮಾನ. ಅದರ ಪರದೆಗಳ ಭಾರವೂ ಇದೇ ಸಾಲಿನ ಮೇಲೆ ಬೀಳುತ್ತದೆ.

ಪರೀಕ್ಷೆ ಸುಲಭ. ಸೆಟ್ಟಿಂಗ್‌ನಲ್ಲಿ ಡೆವಲಪರ್ ಮೋಡ್ ಚಾಲೂ ಮಾಡಿ ಫ್ರೇಮ್ ಎಣಿಸುವ ಕಿಟಕಿಯನ್ನು ತೆರೆಯಿರಿ. ಸದ್ಯ ತಡೆಯಾಗಿರುವುದು ಮೇನ್ ಥ್ರೆಡ್ಡೋ ಜಿಪಿಯುವೋ (ಅಂದರೆ ಗ್ರಾಫಿಕ್ಸ್ ಕಾರ್ಡೋ) ಎಂಬುದನ್ನು ಅದೇ ಬರೆದು ತೋರಿಸುತ್ತದೆ. ಅದು ಸಾಲದೆಂದರೆ, ಮುಂಬೈ ಅಪ್ರೋಚ್‌ನಲ್ಲಿ ವಿಮಾನವನ್ನು ನಿಲ್ಲಿಸಿ ರೆಂಡರ್ ಸ್ಕೇಲಿಂಗನ್ನು (ಚಿತ್ರ ಬಿಡಿಸುವ ರೆಸಲ್ಯೂಶನ್‌ನ ಶೇಕಡಾವಾರು) 100ರಿಂದ 50ಕ್ಕೆ ಇಳಿಸಿ. ಚಿತ್ರ ಮಸುಕಾಗುತ್ತದೆ, ಕಾರ್ಡ್‌ನ ಹೊರೆ ಬಹಳಷ್ಟು ತಗ್ಗುತ್ತದೆ. ಆಗಲೂ ಫ್ರೇಮ್ ಏರದಿದ್ದರೆ ಎಷ್ಟು ದೊಡ್ಡ ಕಾರ್ಡ್ ತಂದರೂ ಆ 19 ಫ್ರೇಮ್ 19 ಆಗಿಯೇ ಉಳಿಯುತ್ತದೆ. ಜೊತೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ಎಷ್ಟು ತುಂಬಿದೆ, ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಗಮನಿಸಿ, ಸಿಪಿಯು-ಝಡ್ ತಂತ್ರಾಂಶದಲ್ಲಿ ರ‍್ಯಾಮ್ ಒಂದು ಚಾನೆಲ್‌ನಲ್ಲಿ (ಪ್ರೊಸೆಸರ್‌ಗೆ ದತ್ತಾಂಶ ಸಾಗುವ ದಾರಿ) ಇದೆಯೋ ಎರಡರಲ್ಲೋ ನೋಡಿ ಇಲ್ಲಿ ಬರೆಯಿರಿ.

ಪ್ರಶ್ನಿಸಿದವರಿಂದ

ನೀವು ಹೇಳಿದಂತೆಯೇ ನೋಡಿದೆ. ಸಮುದ್ರದ ಮೇಲೆ ಜಿಪಿಯು ಎಂದು ತೋರಿಸಿತು, ಮುಂಬೈಯ ಮೇಲೆ ಮೇನ್ ಥ್ರೆಡ್ ಎಂದು. ಸ್ಕೇಲಿಂಗ್ 50ಕ್ಕೆ ಇಳಿಸಿದರೂ 19 ಇದ್ದದ್ದು 20 ಆಯಿತಷ್ಟೆ. ರ‍್ಯಾಮ್ 16ರಲ್ಲಿ 15 ಜಿಬಿಗಿಂತ ಹೆಚ್ಚು ತುಂಬಿತ್ತು.

ನಾಚಿಕೆಯ ಸಂಗತಿ ಮುಂದಿದೆ. 3200ರ ವೇಗದ್ದೆಂದು ಕೊಂಡ ರ‍್ಯಾಮ್ ಇಷ್ಟು ವರ್ಷ 2400ರಲ್ಲೇ ಓಡುತ್ತಿತ್ತು. ಅದೂ ಒಂದೇ ಚಾನೆಲ್‌ನಲ್ಲಿ. ಕ್ಯಾಬಿನೆಟ್ ಬಿಚ್ಚಿ ನೋಡಿದರೆ, ಜೋಡಿಸಿಕೊಟ್ಟ ಅಂಗಡಿಯವರು ಎರಡೂ ಸ್ಟಿಕ್‌ಗಳನ್ನು ಪಕ್ಕಪಕ್ಕದ ಸ್ಲಾಟ್‌ಗಳಲ್ಲಿ ಚುಚ್ಚಿದ್ದಾರೆ. ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ ತೋರಿಸಿರುವಂತೆ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಬದಲಿಸಿ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಚಾಲೂ ಮಾಡಿದೆ. ಅದೇ ಅಪ್ರೋಚ್, ಅದೇ ಹವಾಮಾನ, ಅದೇ ಸೆಟ್ಟಿಂಗ್. ಫ್ರೇಮ್ 19ರಿಂದ 25ಕ್ಕೆ ಏರಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೆ ಚಿತ್ರ ನಿಂತು ಜಿಗಿಯುವುದು ಇನ್ನೂ ಪೂರ್ತಿ ಹೋಗಿಲ್ಲ.

ಉತ್ತರ (ಮಡಗಾಂವ್, ಗೋವಾ)

ಪುಣೆಯವರ ಮಾತು ಸರಿಯಾಗಿದೆ, ಆದರೆ ಅದು 2020ರ ಆವೃತ್ತಿಯ ಮಟ್ಟಿಗೆ. ತಾವು 2024ರ ಆವೃತ್ತಿಗೆ ಹೋಗುವುದೇ ಖಚಿತವಾದರೆ 6 ಜಿಬಿಯ ಕಾರ್ಡ್ ಬೇಗನೆ ಇಕ್ಕಟ್ಟಿಗೆ ಸಿಲುಕುತ್ತದೆ. 2024ರ ನವೆಂಬರ್‌ನಲ್ಲಿ ಅದು ಬಿಡುಗಡೆಯಾದಾಗ ತಯಾರಕರೇ ಶಿಫಾರಸು ಮಾಡಿದ್ದು 32 ಜಿಬಿ ರ‍್ಯಾಮ್ ಮತ್ತು 8 ಜಿಬಿಯ ಗ್ರಾಫಿಕ್ಸ್ ಮೆಮೊರಿ. ಕಾರ್ಡ್‌ನ ಮೆಮೊರಿ ತುಂಬಿದ ಮೇಲೆ ಹೆಚ್ಚಿನ ದತ್ತಾಂಶ ಮುಖ್ಯ ರ‍್ಯಾಮ್‌ಗೆ ಹರಿಯುತ್ತದೆ. ಅಲ್ಲಿಂದ ಅದು ಮರಳಿ ಬರುವವರೆಗೆ ಫ್ರೇಮ್ ಕಾಯಬೇಕಾಗುತ್ತದೆ, ರ‍್ಯಾಮೂ ತುಂಬಿದ್ದರೆ ಡಿಸ್ಕ್‌ಗೆ ಕೈಚಾಚಬೇಕಾಗುತ್ತದೆ. ತಮ್ಮದು ಹಾರ್ಡ್‌ಡಿಸ್ಕ್. ಚಿತ್ರ ನಿಂತು ಜಿಗಿಯುವುದರ ಮೂಲ ಅಲ್ಲೇ ಇರಬೇಕೆಂದು ನನಗೆ ಅನಿಸುತ್ತದೆ. ಆದ್ದರಿಂದ 32 ಜಿಬಿ ರ‍್ಯಾಮ್ ಮತ್ತು 1 ಟಿಬಿಯ ಎನ್‌ವಿಎಂಇ (ಹೆಚ್ಚು ವೇಗದ ಬಗೆಯ) ಎಸ್‌ಎಸ್‌ಡಿ ಮೊದಲು ಬರಲಿ, ಉಳಿದ ಹಣವನ್ನು ಕಾರ್ಡ್‌ಗಾಗಿ ಇಟ್ಟುಕೊಳ್ಳಿ ಎನ್ನುತ್ತೇನೆ. ಪ್ರೊಸೆಸರ್‌ಗೆ ಖರ್ಚು ಮಾಡಬೇಡಿ.

ಇನ್ನೊಂದು ಮಾತು. ಇಲ್ಲಿಯ ಮಳೆಗಾಲದ ಗಾಳಿಗೆ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನ ಮೇಲೆ ಮಬ್ಬು ಕೂರುತ್ತದೆ. ನಿಮ್ಮಲ್ಲಿಯೂ ಹೀಗೇ ಇರಬಹುದು. ಹೊಸದಕ್ಕೆ ಓಡುವ ಮೊದಲು ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ ಮತ್ತೆ ಕೂರಿಸಿ ನೋಡಿ. ನನ್ನ ಯಂತ್ರ ಒಂದು ಜುಲೈ ತಿಂಗಳಿಡೀ ಆನ್ ಆಗದೆ ಕಾಡಿ, ಕೊನೆಗೆ ಇಷ್ಟರಿಂದಲೇ ಸರಿಹೋಯಿತು.

ಉತ್ತರ (ಪುಣೆ)

ಮಡಗಾಂವ್‌ನವರೇ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಆದರೆ ಪ್ರೊಸೆಸರನ್ನು ಹಾಗೆಯೇ ಬಿಟ್ಟು ಕಾರ್ಡ್ ತರುವುದಕ್ಕೆ ಒಪ್ಪಲಾರೆ. ಮುಂಬೈಯ ಮೇಲೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಗುತ್ತದೆ. 3600ರಲ್ಲಿ 32 ಎಂಬಿ ಎಲ್3 ಕ್ಯಾಷ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಇದೆಯೆಂದು ಬರೆದಿದ್ದರೂ ಅದು 16 ಎಂಬಿಯ ಎರಡು ತುಂಡುಗಳಾಗಿ ಮೂರು ಮೂರು ಕೋರ್‌ಗಳಿಗೆ ಹಂಚಿಹೋಗಿದೆ. ರೈಜೆನ್ 5 5600ರಲ್ಲಿ ಅದೇ 32 ಎಂಬಿ ಒಂದೇ ಕೊಳದಂತೆ ಎಲ್ಲ ಕೋರ್‌ಗಳಿಗೂ ಸಿಗುತ್ತದೆ. ಸಿಮ್ಯುಲೇಟರ್ ಸಾವಿರಾರು ಚೂರು ಮಾಹಿತಿಗಾಗಿ ಮತ್ತೆ ಮತ್ತೆ ಮೆಮೊರಿಯ ಬಾಗಿಲು ತಟ್ಟುವ ಕಾರಣ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ರ‍್ಯಾಮ್ ಸರಿಪಡಿಸಿದ್ದರಿಂದಲೇ ಇವರಿಗೆ ಆರು ಫ್ರೇಮ್ ಸಿಕ್ಕಿದ್ದೂ ಇದೇ ಕಾರಣಕ್ಕೆ. 96 ಎಂಬಿ ಕ್ಯಾಷ್ ಇರುವ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೈಗೆ ಎಟಕುವ ಬೆಲೆಗೆ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಹೊಸದಾಗಿ ಸಿಗುವುದು ಕಷ್ಟ. ಅವುಗಳ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಎರಡೂ 105 ವಾಟ್‌ನವು. ನಿಮ್ಮ 3600ರ ಜೊತೆ ಬಂದ ಪುಟ್ಟ ಫ್ಯಾನ್ ಅವಕ್ಕೆ ಸಾಲದು. 5600 ಆದರೆ 3600ರಂತೆಯೇ 65 ವಾಟ್.

ಹಾಗೆಯೇ 3060ರ ಬೆಲೆಯನ್ನು ಬರೀ ಕಾರ್ಡ್‌ನ ಬೆಲೆಯೆಂದು ಎಣಿಸಬೇಡಿ. ಅದು 170 ವಾಟ್‌ನ ಕಾರ್ಡ್. ಎನ್‌ವಿಡಿಯಾದವರು 550 ವಾಟ್‌ನ ಎಸ್‌ಎಂಪಿಎಸ್ ಇರಲಿ ಎನ್ನುತ್ತಾರೆ, ನಿಮ್ಮದು 450. ಅಂದರೆ ಎಸ್‌ಎಂಪಿಎಸ್ ಕೂಡ ಹೊಸದಾಗಬೇಕು. 8 ಜಿಬಿಯ ಆರ್‌ಎಕ್ಸ್ 6600 ಎಳೆಯುವುದು 132 ವಾಟ್, ಈಗಿನ 1660 ಸೂಪರ್‌ಗಿಂತ 7 ವಾಟ್ ಮಾತ್ರ ಹೆಚ್ಚು. ಮುಂದೊಂದು ದಿನ ಕಾರ್ಡ್ ಬದಲಿಸುವಾಗ ಇದನ್ನು ನೆನಪಿಡಿ.

ಸದ್ಯಕ್ಕೆ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರಗಳ ಮಟ್ಟ) 100ಕ್ಕೆ ಇಳಿಸಿ, ಎಐ ವಿಮಾನಗಳ (ಸಿಮ್ಯುಲೇಟರ್ ತಾನೇ ಹಾರಿಸುವ ಇತರ ವಿಮಾನಗಳು) ಸಂಖ್ಯೆ ಕಡಿಮೆ ಮಾಡಿ, ಫ್ರೇಮನ್ನು 30ಕ್ಕೆ ಕಟ್ಟಿಹಾಕಿ. ಪ್ರತಿ ಫ್ರೇಮ್‌ಗೂ ತಪ್ಪದೆ 33 ಮಿಲಿಸೆಕೆಂಡ್ ಸಿಗುವುದು, ಒಮ್ಮೆ 45, ಒಮ್ಮೆ 22 ಎಂದು ತೂಗಾಡುವುದಕ್ಕಿಂತ ಇಳಿಸುವ ಕೈಗೆ ಎಷ್ಟೋ ಹಿತ.

ಉತ್ತರ (ಅಂಧೇರಿ, ಮುಂಬೈ)

ಲೆಕ್ಕಾಚಾರವನ್ನು ಹಿರಿಯರು ಹೇಳಿಯಾಗಿದೆ. ನಾನು ಕೊಳ್ಳುವ ಮತ್ತು ಕೂರಿಸುವ ವಿಚಾರವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಅಲ್ಲಿಯೇ ಕೈ ಸುಟ್ಟುಕೊಂಡವನು.

ಹಳೆಯ ಬಯಾಸ್ ಇರುವ ಬಿ450 ಬೋರ್ಡ್ 5600ನ್ನು ಗುರುತಿಸುವುದಿಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ. ಆದ್ದರಿಂದ 3600 ಇನ್ನೂ ಬೋರ್ಡ್‌ನಲ್ಲಿ ಕುಳಿತಿರುವಾಗಲೇ ಬಯಾಸ್ ನವೀಕರಿಸಿ; ಆ ಹೊತ್ತಿನಲ್ಲಿ ಕರೆಂಟ್ ಹೋಗದಂತೆ ಯುಪಿಎಸ್‌ಗೆ ಜೋಡಿಸಿರಿ. ಕೂಲರ್ ತೆಗೆಯುವಾಗ ಜೋಪಾನ. ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್‌ಗೆ ಕೂರುವ ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲೇ. ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದುಕೊಂಡಿರುತ್ತದೆ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ, ಲಿವರ್ ಬಿಗಿಯಾಗಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಅದರ ಜೊತೆಗೇ ಬರುತ್ತದೆ. ನನ್ನದು ಹಾಗೆಯೇ ಬಂತು. ಬಾಗಿದ ಪಿನ್‌ಗಳನ್ನು ಬ್ಲೇಡಿನ ಅಂಚಿನಿಂದ ಒಂದೊಂದಾಗಿ ನೇರ ಮಾಡಿಕೊಂಡು ಇಡೀ ರಾತ್ರಿ ಕುಳಿತಿದ್ದೆ. ಯಂತ್ರವನ್ನು ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಪೇಸ್ಟ್ ಬಿಸಿ ಇರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಸಡಿಲಿಸಿ ಎತ್ತಿ.

ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದಿದ್ದರೆ ಕಡಿಮೆಗೆ ಕೊಡುತ್ತೇವೆ ಎಂದರೆ ವಾರಂಟಿಯನ್ನು ಮರೆತಂತೆಯೇ. ಈಗಿನ 8 ಜಿಬಿಯ ಸ್ಟಿಕ್‌ಗಳ ಜೊತೆಗೆ ಇನ್ನೆರಡು ಸೇರಿಸಿ ನಾಲ್ಕು ಮಾಡಬೇಡಿ, ನಾಲ್ಕೂ 3200ರಲ್ಲಿ ನಿಲ್ಲುವ ಭರವಸೆ ಇಲ್ಲ. 16 ಜಿಬಿಯ ಎರಡರ ಜೋಡಿ ಕೊಂಡು ಹಳೆಯದನ್ನು ಅಲ್ಲಿಯೇ ಮಾರಿಬಿಡಿ. ರ‍್ಯಾಮ್ ದರ ಸ್ಥಿರವಾಗಿಲ್ಲ, ಮೂರು ನಾಲ್ಕು ಅಂಗಡಿ ವಿಚಾರಿಸದೆ ಕೊಳ್ಳಬೇಡಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಮತ್ತು 5600 ಎಂದು ತೀರ್ಮಾನಿಸಿದ್ದೇನೆ. ಮಡಗಾಂವ್‌ನವರ ಮಾತಿನಂತೆ ಉಳಿದದ್ದು ಕಾರ್ಡ್‌ಗೆ, ಆದರೆ 2024ರ ಆವೃತ್ತಿ ಕೊಂಡ ಮೇಲೆ. ಬಯಾಸ್ ನವೀಕರಣ ನಿನ್ನೆ ರಾತ್ರಿ ಮುಗಿಯಿತು. ಶನಿವಾರ ದಾದರ್‌ನಲ್ಲಿ ಗಾಡಿ ಬದಲಿಸಿ ಲ್ಯಾಮಿಂಗ್ಟನ್ ರಸ್ತೆಗೆಂದು ಗ್ರಾಂಟ್ ರೋಡ್‌ಗೆ ಹೋಗುವವನಿದ್ದೇನೆ. ಕೂಲರ್ ತೆಗೆಯುವ ಕೆಲಸವನ್ನು ಮಾತ್ರ, ಪಿನ್‌ಗಳ ಕಥೆ ಓದಿದ ಮೇಲೆ, ಮಗನಿಗೆ ವಹಿಸಿದ್ದೇನೆ.